ಗಾಲಿಗೆ ಕಲ್ಲು

ನೆಲ ಮುಟ್ಟಿದ ಮೇಲೆ ಬ್ರೇಕ್ ಒತ್ತಿದರೆ ವಿಮಾನ ನಿಲ್ಲಬೇಕು. ತುಮಕೂರಿನ ನಮ್ಮ ಮನೆಯಲ್ಲಿ, ಕಂಪ್ಯೂಟರಿನ ಸಿಮ್ಯುಲೇಟರ್ ಆಟದಲ್ಲಿ ನಾನು ಹಾರಿಸುವಾಗ ಮಾತ್ರ ವಿಮಾನ ಮುಂದಕ್ಕೆ ಹೋಗುತ್ತಿತ್ತು, ಪೈಲಟ್ ಹಿಂದಕ್ಕೆ ಹೋಗುತ್ತಿದ್ದ. ಒಂದು ರಾತ್ರಿಯಂತೂ ಹೀಗಾಯಿತು. ಬೆಂಗಳೂರಿನ ಜಕ್ಕೂರು ರನ್‌ವೇ ಮೇಲೆ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನು ನೀಟಾಗಿ ಇಳಿಸಿ, ಕಾಲ್ಬೆರಳಿನಿಂದ ಪೆಡಲ್ ತುದಿ ಒತ್ತಿದೆ ನೋಡಿ, ಕೆಳಗೆ ಆಗಷ್ಟೇ ಒರೆಸಿದ್ದ ಟೈಲ್ಸು, ಕುರ್ಚಿಗೆ ಚಕ್ರ. ಕುರ್ಚಿ ಸಮೇತ ಜಾರಿಕೊಂಡು ಹೋಗಿ ಫ್ರಿಜ್ಜಿಗೆ ಗುದ್ದಿದೆ. ಪರದೆಯಲ್ಲಿ ವಿಮಾನ ಯಾರ ಹಂಗೂ ಇಲ್ಲದೆ ಬೇಲಿ ಕಡೆ ಹೊರಟಿತ್ತು. ಒಳಗಿನಿಂದ ಹೆಂಡತಿ ಕೇಳಿದ್ದು ಒಂದೇ: "ಫ್ರಿಜ್ಜಿಗೆ ಏನಾದ್ರೂ ಆಯ್ತಾ?"

ನನ್ನ ಸಿಟ್ಟು ಫ್ರಿಜ್ಜಿನ ಮೇಲಲ್ಲ, ಹೆಂಡತಿಯ ಮೇಲಂತೂ ಅಲ್ಲವೇ ಅಲ್ಲ. ಯೂಟ್ಯೂಬಿನಲ್ಲಿ ಜಾಯ್‌ಸ್ಟಿಕ್ ಎಂಬ ಕೋಲು, ಯೋಕ್ ಎಂಬ ಸ್ಟೇರಿಂಗಿನಂಥ ಹಿಡಿ, ಪೆಡಲ್ ಅಂತ ಗಂಟೆಗಟ್ಟಲೆ ಬುದ್ಧಿ ಹೇಳುವ ಮಹನೀಯರ ಮೇಲೆ. ಸೆನ್ಸರ್ ಬಗ್ಗೆ ಹೇಳುತ್ತಾರೆ, ಸ್ಪ್ರಿಂಗ್ ಬಗ್ಗೆ ಹೇಳುತ್ತಾರೆ, ಗುಂಡಿಯ ಟಕ್ ಸದ್ದು ಹೇಗಿದೆ ಅಂತ ಮೈಕಿಗೆ ಹಿಡಿದು ಕೇಳಿಸುತ್ತಾರೆ. ಕುರ್ಚಿ ಬಗ್ಗೆ ಒಬ್ಬನಾದರೂ ಬಾಯಿ ಬಿಡಬೇಕಲ್ಲ! ಅವರ ಮನೆಗಳಲ್ಲೆಲ್ಲ ಕಾರ್ಪೆಟ್ಟು. ನುಣುಪು ಟೈಲ್ಸ್ ಮೇಲೆ ಕೂತು, ವಿಮಾನದ ಮೂತಿ ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ತುಳಿದು ನೋಡಿದವರು ಯಾರೂ ಇಲ್ಲ.

ಕಲಿತಿದ್ದು ಇಲ್ಲ ಅಂತಲ್ಲ. ಅಗ್ಗದ ಜಾಯ್‌ಸ್ಟಿಕ್ಕುಗಳ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ, ಹಳೇ ರೇಡಿಯೊದ ವಾಲ್ಯೂಮ್ ತಿರುಪಿನಲ್ಲಿ ಇರುತ್ತಿತ್ತಲ್ಲ, ಅದೇ ಜಾತಿ. ಉಜ್ಜಿ ಉಜ್ಜಿ ಸವೆದರೆ, ಧೂಳು ಕೂತರೆ, ರೇಡಿಯೊ ಕರಕರ ಅನ್ನುತ್ತಿತ್ತು. ಇಲ್ಲಿ ವಿಮಾನ ನಡುಗುತ್ತದೆ. ನನ್ನ ಮೊದಲನೆಯ ಕೋಲಿಗೆ ಈ ಚಳಿಜ್ವರ ಹತ್ತಿ, ಯಾರೂ ಮುಟ್ಟದಿದ್ದರೂ ವಿಮಾನ ಎಡಕ್ಕೇ ವಾಲುತ್ತಿತ್ತು. ಹಾಲ್ ಎಫೆಕ್ಟ್ ಸೆನ್ಸರ್ ಆದರೆ ಅಯಸ್ಕಾಂತದ ಲೆಕ್ಕ, ಒಂದಕ್ಕೊಂದು ತಾಗುವುದೇ ಇಲ್ಲ, ಸವೆಯುವ ಮಾತೂ ಇಲ್ಲ. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ.16000ಎಂ ಎಂಬ ಕೋಲಿನಲ್ಲಿ ಇರುವುದು ಅದೇ. ಹೆಸರಿನಲ್ಲಿರುವ 16000 ಕೂಡ ಅದು ಎಷ್ಟು ಸಣ್ಣ ಅಲುಗಾಟವನ್ನು ಗುರುತಿಸಬಲ್ಲದು ಎಂಬ ಲೆಕ್ಕವೇ. ಲಾಜಿಟೆಕ್‌ನ ಎಕ್ಸ್‌ಟ್ರೀಮ್ 3ಡಿ ಪ್ರೊ ಥರದ ಕೋಲಾದರೆ ಹಿಡಿಯನ್ನೇ ತಿರುವಿ ರಡ್ಡರ್ ಆಡಿಸಬಹುದು, ಪೆಡಲಿನ ಖರ್ಚು ಉಳಿಯಿತು. ಆದರೆ ಬಲಕ್ಕೆ ವಾಲಿಸುವ ಭರದಲ್ಲಿ ಮಣಿಕಟ್ಟು ತಾನೂ ಒಂದಿಷ್ಟು ತಿರುಗುತ್ತದೆ, ವಿಮಾನದ ಮೂತಿ ಸೊಟ್ಟಗಾಗುತ್ತದೆ.

ಕೋಲೋ ಯೋಕೋ ಅನ್ನುವ ಜಗಳ ಬೇರೆ. ಏರ್‌ಬಸ್ ಹಾರಿಸುವವನಿಗೆ ಪಕ್ಕದ ಕೋಲು, ಬೋಯಿಂಗ್ ಮತ್ತು ಸೆಸ್ನಾದವನಿಗೆ ಯೋಕ್. ಯೋಕಿನಲ್ಲೂ ಒಂದು ಒಟ್ಟು 90 ಡಿಗ್ರಿ ತಿರುಗುತ್ತದೆ, ಇನ್ನೊಂದು 180. ಇದೂ ಸಾಲದು ಅಂತ ಸ್ನೇಹಿತನೊಬ್ಬ, "ನಮ್ಮದು ಹೆಲಿಕಾಪ್ಟರ್ ಜಿಲ್ಲೆ ಕಣೋ, ಹೆಲಿಕಾಪ್ಟರ್ ಹಾರಿಸು" ಅಂದ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು, ನಿಜ. ಹಾಗಂತ ನಮ್ಮ ನಡುಮನೆಗೆ, ಹೆಲಿಕಾಪ್ಟರನ್ನು ಮೇಲಕ್ಕೆ ಕೆಳಕ್ಕೆ ಆಡಿಸುವ ಕಲೆಕ್ಟಿವ್ ಲಿವರ್ ಒಂದು ಬಂದರೆ ಊಟದ ಟೇಬಲ್ಲು ಬೀದಿಗೆ ಹೋಗಬೇಕು. ಕೊನೆಗೆ ಯೋಕು, ಪೆಡಲು ಬಂದವು. ಯೋಕಿನ ಕ್ಲಾಂಪು ನಮ್ಮ ಬಡಗಿ ಮಾಡಿದ ದಪ್ಪ ಟೇಬಲ್ಲಿಗೆ ಹಿಡಿಯಲಿಲ್ಲ. ಅಂಚಿನ ಬೀಡಿಂಗ್ ಪಟ್ಟಿ ಕೀಳಿಸಿದೆ. ಮುಗಿಯಿತು ಅಂದುಕೊಂಡೆ.

ಆಮೇಲೆ ಮಾವನವರು ಬಂದರು.

ನಮ್ಮ ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ತುಮಕೂರು–ಪಾವಗಡ ರೂಟು. ಯೋಕ್ ನೋಡಿದವರೇ, "ಅಳಿಯಂದ್ರೆ, ಸ್ಟೇರಿಂಗ್ ಮೇಲರ್ಧ ಮುರ್ದೋಗೈತಲ್ಲ, ವಾಪಸ್ ಕಳ್ಸಿ" ಅಂದರು. ಬಗ್ಗಿ ಪೆಡಲ್ ನೋಡಿ, "ಎರಡೇ ಐತೆ, ಕ್ಲಚ್ ಎಲ್ಲಿ?" ಅಂದರು. ಮಾವ ಅಂದ ಮೇಲೆ ಎದುರಾಡುವ ಹಾಗಿಲ್ಲ. ಕೂತುಕೊಳ್ಳಿ ಅಂದೆ.

ಮೂವತ್ತು ಚಿಲ್ಲರೆ ವರ್ಷದ ಬಸ್ಸಿನ ಕೈ ಅದು. ರನ್‌ವೇ ಮೇಲೆ ವಿಮಾನ ಸ್ವಲ್ಪ ಎಡಕ್ಕೆ ಹೋಯಿತು. ಅವರು ಯೋಕನ್ನು ಬಲಕ್ಕೆ ತಿರುಗಿಸಿದರು. ವಿಮಾನ ಎಡಕ್ಕೇ ಹೋಯಿತು. ನೆಲದ ಮೇಲೆ ಸೆಸ್ನಾದ ಮೂತಿ ತಿರುಗಿಸುವುದು ಕಾಲು; ಯೋಕ್ ತಿರುಗಿಸಿದರೆ ರೆಕ್ಕೆಯ ತುದಿಯ ಪಟ್ಟಿಗಳು ಏರಿಳಿಯುತ್ತವೆ, ಅಷ್ಟೆ. ಇದನ್ನು ನಾನು ಹೇಳುವಷ್ಟರಲ್ಲಿ ಮಾವ ಕಟ್ ಹೊಡೆಯಲು ಶುರು ಮಾಡಿದ್ದರು. ಒಂದು ಕೈ ಬಿಟ್ಟು ಇನ್ನೊಂದು ಕೈ, ಮದಲೂರು ಕಡೆಯ ಸಣ್ಣ ರಸ್ತೆಯಲ್ಲಿ ಬಸ್ ತಿರುಗಿಸುವವರ ಹಾಗೆ, ಭುಜ ಪೂರ್ತಿ ಬಗ್ಗಿಸಿ. ಯೋಕ್ ತನ್ನ ಮಿತಿ ಮುಟ್ಟಿ ನಿಂತಿತು. ಮಾವ ನಿಲ್ಲಲಿಲ್ಲ. ಟೇಬಲ್ಲು ಕಿರ್ ಅಂತು. "ಪವರ್ ಸ್ಟೇರಿಂಗ್ ಕೆಲ್ಸ ಮಾಡ್ತಿಲ್ಲ!" ಅಂದರು. "ಮಾವ, ಕಾಲು, ಕಾಲು" ಅಂದೆ. ಅವರು ಎರಡೂ ಕಾಲನ್ನು ಒಟ್ಟಿಗೆ ಒತ್ತಿದರು. ಕುರ್ಚಿ ಹೊರಟಿತು. ಯೋಕನ್ನು ಬಿಡಲಿಲ್ಲ ಪುಣ್ಯಾತ್ಮರು, ಕ್ಲಾಂಪ್ ಬಿಟ್ಟಿತು. ಮಾವ, ಯೋಕು, ವೈರಿಗೆ ನೇತಾಡುತ್ತಿದ್ದ ನನ್ನ ಕೀಬೋರ್ಡು ಎಲ್ಲ ಒಂದೇ ಮೆರವಣಿಗೆಯಲ್ಲಿ ಹಿಂದಕ್ಕೆ ಹೋದವು. ಹೋಗುವಾಗ ಅವರ ಬಲಗೈ ಹೆಬ್ಬೆರಳು ಯೋಕಿನ ನಡುವೆ ಏನನ್ನೋ ಒತ್ತಿ ಒತ್ತಿ ಹುಡುಕುತ್ತಿತ್ತು.

"ಹಾರನ್ ಎಲ್ಲಿ ಇಟ್ಟವ್ರೆ ಇವ್ರು?"

ಎದ್ದು ಪಂಚೆ ಸರಿಮಾಡಿಕೊಂಡು, ಕುರ್ಚಿಯನ್ನು ಒಮ್ಮೆ ಹಿಂದೆ ಮುಂದೆ ತಳ್ಳಿ ನೋಡಿದರು. ಹೊರಗೆ ಹೋದರು. ಎದುರು ಮನೆ ಕಟ್ಟುತ್ತಿರುವ ಜಾಗದಿಂದ ಎರಡು ಅರೆ ಇಟ್ಟಿಗೆ ತಂದು ಕುರ್ಚಿಯ ಹಿಂದಿನ ಚಕ್ರಕ್ಕೆ ಕೊಟ್ಟರು. "ಇಳಿಜಾರಲ್ಲಿ ಗಾಡಿ ನಿಲ್ಸಿದ್ಮೇಲೆ ಗಾಲಿಗೆ ಕಲ್ಲು ಕೊಡ್ಬೇಕು ಅಳಿಯಂದ್ರೆ. ಇದನ್ನೂ ಯಾರೂ ಹೇಳ್ಕೊಟ್ಟಿಲ್ವಾ?" ಅಸಲಿ ವಿಮಾನ ನಿಲ್ಲಿಸಿದಾಗಲೂ ಗಾಲಿಗೆ ಕೊಡುವ ಅಡ್ಡಗಟ್ಟೆ ಇರುತ್ತದೆ, ಚಾಕ್ ಅಂತಾರೆ. ಒಬ್ಬನೇ ಒಬ್ಬ ಯೂಟ್ಯೂಬಿಗ ಇದನ್ನು ಕುರ್ಚಿಗೆ ಕೊಡಿ ಅಂದಿರಲಿಲ್ಲ. ಕುರ್ಚಿ ಕದಲಲಿಲ್ಲ. ಟೈಲ್ಸ್ ಮೇಲೆ ಇಟ್ಟಿಗೆ ಪುಡಿ ನೋಡಿ ಹೆಂಡತಿ ಅಂದಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರಪ್ಪ ತಂದಿದ್ದು ಅಂತ ಗೊತ್ತಾದ ಮೇಲೆ ಅದೇ ಇಟ್ಟಿಗೆಗೆ ಹಳೇ ಟವೆಲ್ ಸುತ್ತಿಕೊಟ್ಟಳು.

ಡೆಡ್‌ಝೋನ್ ವಿಷಯವೂ ಹಾಗೇ. ಕೋಲು ನಡುವೆ ಇರುವಾಗ ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಸಾಫ್ಟ್‌ವೇರಿನಲ್ಲಿ ಇಡುವ ಗಡಿ ಅದು. ಜಾಸ್ತಿ ಇಟ್ಟರೆ ನಡುಕ ನಿಲ್ಲುತ್ತದೆ, ಆದರೆ ಇಳಿಸುವ ಹೊತ್ತಿಗೆ ಬೇಕಾದ ನಾಜೂಕು ಹೋಗುತ್ತದೆ. ಗ್ರಾಫ್ ಹಾಕಿ ವಿವರಿಸುತ್ತಾರೆ ಜನ. ಮಾವ ಪೂರ್ತಿ ಕೇಳಲೂ ಇಲ್ಲ. "ಸ್ಟೇರಿಂಗ್ ಪ್ಲೇ, ಅಂದ್ರೆ ಸಡ್ಲ. ಜಾಸ್ತಿ ಪ್ಲೇ ಇದ್ರೆ ಘಾಟಲ್ಲಿ ಸಾಯ್ತೀವಿ, ಕಮ್ಮಿ ಮಾಡಿ" ಅಂದು ಕಾಫಿ ಕುಡಿದರು.

ಮೊನ್ನೆ ಒಂದು ಸಂಜೆ ಅವರನ್ನು ಪಕ್ಕ ಕೂರಿಸಿಕೊಂಡು ಜಕ್ಕೂರಿನಿಂದ ಹೊರಟೆ. ಮೈಕ್ರೋಸಾಫ್ಟಿನ ಸಿಮ್ಯುಲೇಟರು ಬಿಂಗ್ ನಕ್ಷೆಯ ಚಿತ್ರಗಳನ್ನೇ ನೆಲಕ್ಕೆ ಹಾಸುವುದರಿಂದ ನಮ್ಮ ಕಡೆಯ ಕೆರೆ ಕಟ್ಟೆಗಳೂ ಇದ್ದಲ್ಲೇ ಇರುತ್ತವೆ. ಎಡಕ್ಕೆ ಶಿವಗಂಗೆ ಬಂತು. ತುಮಕೂರಿನ ಅಮಾನಿಕೆರೆ ಮೇಲೆ ಉತ್ತರಕ್ಕೆ ತಿರುಗಿಸಿದೆ. ದೇವರಾಯನದುರ್ಗ ಬಲಕ್ಕೆ. ಮಾವ ಮಾತು ನಿಲ್ಲಿಸಿದ್ದರು. ಕೊರಟಗೆರೆ ದಾಟಿದ ಮೇಲೆ ಪರದೆಗೆ ಬೆರಳಿಟ್ಟು ರಸ್ತೆ ಹಿಡಿದುಕೊಂಡೇ ಬಂದರು. ಮಧುಗಿರಿಯ ಏಕಶಿಲಾ ಬೆಟ್ಟ ಬಂತು. ಬಸ್ ಸ್ಟ್ಯಾಂಡ್ ಇರಬೇಕಾದ ಜಾಗದಲ್ಲಿ ಕಂಪ್ಯೂಟರ್ ತನಗೆ ತೋಚಿದ ಯಾವುದೋ ಕಟ್ಟಡ ನಿಲ್ಲಿಸಿತ್ತು, ಅದಕ್ಕೆ ಬೈದರು. ಸೆಸ್ನಾ ಗಂಟೆಗೆ ಇನ್ನೂರು ಕಿಲೋಮೀಟರ್ ಮೇಲೇ ಹೋಗುತ್ತದೆ. ಮಿಡಿಗೇಶಿ ಬಂದದ್ದು ಗೊತ್ತಾಯಿತು, ಹೋದದ್ದು ಗೊತ್ತಾಗಲಿಲ್ಲ. ಪಾವಗಡದ ಕೋಟೆ ಬೆಟ್ಟ ಕಂಡಾಗ ಮಾವ ಕುರ್ಚಿಗೆ ಒರಗಿದರು.

"ಇಷ್ಟೇನಾ?" ಅಂದರು. "ಇಷ್ಟೇ ದೂರಕ್ಕಾ ನಾನು ಊಟದ ಡಬ್ಬಿ ಕಟ್ಟಿಸ್ಕೊಂಡು ಹೋಗ್ತಿದ್ದೆ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಥ್ರಾಟಲ್ ಸ್ವಲ್ಪ ಕಮ್ಮಿ ಮಾಡಿ ಊರಿನ ಮೇಲೆ ಒಂದು ಸುತ್ತು ಹಾಕಿದೆ. ಅಷ್ಟರಲ್ಲಿ ಅವರೇ ಸುಧಾರಿಸಿಕೊಂಡು, "ಕೆಳಗೆ ಎಮ್ಮೆ ಅಡ್ಡ ಬಂದವೆ, ಹಾರನ್ ಹೊಡೀರಿ" ಅಂದರು.

ಈ ಹಾರನ್ ಕಾಟ ತಾಳಲಾರದೆ, ವಿಮಾನಕ್ಕೆಲ್ಲಿಯ ಹಾರನ್ನು ಅಂತ ಆಧಾರ ಸಮೇತ ತೋರಿಸಿ ಬಾಯಿ ಮುಚ್ಚಿಸೋಣ ಎಂದು ಹುಡುಕಲು ಕೂತೆ. ಸಿಕ್ಕಿದ್ದು ಉಲ್ಟಾ. ಏರ್‌ಬಸ್ ಎ320ಕ್ಕೆ ಹಾರನ್ ಇದೆ. ಕಾಕ್‌ಪಿಟ್ಟಿನ ಮೇಲ್ಗಡೆ ಫಲಕದಲ್ಲಿ ಒಂದು ಗುಂಡಿ. ಒತ್ತಿದರೆ ಮುಂದಿನ ಗಾಲಿಯ ಹತ್ತಿರ ಸದ್ದು ಮಾಡಿ ಕೆಳಗಿರುವ ಮೆಕ್ಯಾನಿಕ್‌ನನ್ನು ಕರೆಯುತ್ತದೆ. ನಾನು ಓದುತ್ತಿದ್ದುದನ್ನು ಹಿಂದಿನಿಂದ ಮಾವ ನೋಡಿಬಿಟ್ಟರು.

ಈಗ ಅವರದು ಒಂದೇ ಹಟ: ಈ ಮುರುಕು ಸ್ಟೇರಿಂಗ್ ಮಾರಿ, ಏರ್‌ಬಸ್ ಕೋಲು ತಗೊಳ್ಳಿ. ಏರ್‌ಬಸ್ಸಿನ ಕ್ಯಾಪ್ಟನ್ ಎಡಗಡೆ ಕೂತು ಎಡಗೈಯಲ್ಲೇ ಕೋಲು ಹಿಡಿಯಬೇಕು ಅಂದೆ. "ಒಳ್ಳೇದೇ ಆಯ್ತು, ಬಲಗೈ ಗೇರಿಗೆ" ಅಂದರು. ಗೇರ್ ಅಲ್ಲ, ಥ್ರಾಟಲ್ ಅಂತ ತಿದ್ದಲಿಲ್ಲ. ಆ ಹಾರನ್ ಇರುವುದು ವಿಮಾನ ನೆಲದ ಮೇಲೆ ನಿಂತಿರುವಾಗ ಒತ್ತಲಿಕ್ಕೆ ಅನ್ನುವುದನ್ನೂ ಇನ್ನೂ ಹೇಳಿಲ್ಲ. ಯೋಕ್ ನೋಡಲು ಭಾನುವಾರ ಯಾರೋ ಬರುತ್ತಾರಂತೆ, ಮಾವನೇ ಮಾತಾಡಿದ್ದಾರೆ.