ಸತ್ಯಾಂಶ: ಗಣಕದೊಳಗಿನ ದೇಹ ಯಾರದು?

ಸ್ಕ್ಯಾನ್ ಸಂಶೋಧನೆಯಲ್ಲಿ ಬಳಸುವ ಗಣಕೀಕೃತ ಮಾನವದೇಹವನ್ನು, ಜೀವಂತ ವ್ಯಕ್ತಿಯೊಬ್ಬರಿಗೆ ನೂರಾರು ಸಲ ಎಕ್ಸ್‌ರೇ ಹಾಯಿಸಿ ತಯಾರಿಸಲಾಗಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ, ಎಕ್ಸ್‌ಕ್ಯಾಟ್ ಎಂಬ ಇಂಥ ಗಣಕೀಕೃತ ದೇಹದ ಮಾದರಿಗೆ ಮೂಲ ಆಧಾರವಾದದ್ದು, ಮರಣಾನಂತರ ದಾನವಾಗಿ ಬಂದ ಒಬ್ಬ ಪುರುಷ ಹಾಗೂ ಒಬ್ಬ ಮಹಿಳೆಯ ದೇಹಗಳಿಂದ ಪಡೆದು, ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1994 ಮತ್ತು 1995ರಲ್ಲಿ ಬಿಡುಗಡೆ ಮಾಡಿದ ಚಿತ್ರಮಾಲೆ. ಹೆಪ್ಪುಗಟ್ಟಿಸಿದ ಪುರುಷದೇಹವನ್ನು 1 ಮಿಲಿಮೀಟರ್ ಅಂತರದಲ್ಲಿ ಪದರ ಪದರವಾಗಿ ಛಾಯಾಚಿತ್ರ ತೆಗೆಯಲಾಗಿತ್ತು. ಆ ದಾನಕ್ಕೆ ವೈದ್ಯಲೋಕ ನಿಜಕ್ಕೂ ಋಣಿಯಾಗಿದೆ. ಹೃದಯಬಡಿತ ಮತ್ತು ಉಸಿರಾಟದ ಚಲನೆಗಳನ್ನು ಮಾತ್ರ ಜೀವಂತ ವ್ಯಕ್ತಿಗಳ ಸ್ಕ್ಯಾನ್‌ಗಳನ್ನು ಆಧರಿಸಿ ಗಣಿತದ ಮೂಲಕ ಸೇರಿಸಲಾಗಿದೆ.

ಇಂಥ ಮಾದರಿಯಲ್ಲಿ ಪ್ರತಿ ಅಂಗದ ಅಳತೆ ಮೊದಲೇ ತಿಳಿದಿರುವುದರಿಂದ, ಯಾರ ಮೈಗೂ ವಿಕಿರಣ ತಾಗಿಸದೆ ಹೊಸ ಸ್ಕ್ಯಾನ್ ವಿಧಾನಗಳ ನಿಖರತೆಯನ್ನು ಪರೀಕ್ಷಿಸಬಹುದು.