ಕುಂಟೆತ್ತು

ಮಣ್ಣೆತ್ತು ಮಾಡುವಾಗ ಮೊದಲು ಕೈಕೊಡುವುದು ಕಾಲು. ಮೈ ಆಯಿತು, ಕೊಂಬು ಬಂತು, ಬಾಲವೂ ಅಂಟಿತು, ಇನ್ನೇನು ಮಣೆಯ ಮೇಲೆ ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಮುಂಗಾಲು ಸೊಟ್ಟಗಾಗಿ ಎತ್ತು ನಿಧಾನಕ್ಕೆ ಮೂಗು ಊರುತ್ತದೆ. ಮಾಡಿದ ಮಗು ಅಳಬೇಕೋ ನಗಬೇಕೋ ತಿಳಿಯದೆ ದೊಡ್ಡವರ ಮುಖ ನೋಡುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಆಗ ಬರುವ ಮಾತು ಒಂದೇ: "ಇರ್ಲಿ ಬಿಡು, ಒಂದು ಕುಂಟೆತ್ತು ಬೇಕಲ್ಲ." ಬರೀ ರಮಿಸುವ ಮಾತೆಂದು ತಿಳಿಯಬೇಡಿ. ಮಣ್ಣೆತ್ತಿನ ಅಮಾವಾಸ್ಯೆಯ ಹಬ್ಬದಲ್ಲಿ ಕುಂಟೆತ್ತಿಗೆ ಅದರದೇ ಕೆಲಸವುಂಟು; ಅದರ ಸರದಿ ಬರುವುದು ಮರುದಿನ.

ಕಾರಹುಣ್ಣಿಮೆಗೆ ಕೊಟ್ಟಿಗೆಯ ಎತ್ತುಗಳ ಮೈ ತೊಳೆದು, ಕೊಂಬಿಗೆ ಹುರಮಂಜಿನ ಕೆಂಪು ಬಳಿದು, ಗೊಂಡೆ ಕಟ್ಟಿ, ಅವನ್ನು ಓಡಿಸಿ ಅಡ್ಡ ಕಟ್ಟಿದ ತೋರಣದ ಕರಿ ಹರಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಜ್ಯೇಷ್ಠ ಮಾಸದ ಕೊನೆಯ ದಿನ. 2025ರಲ್ಲಿ ಜೂನ್ 25ಕ್ಕೆ ಬಂದಿತ್ತು. 2026ರ ಪಂಚಾಂಗದಲ್ಲಿ ನಡುವೆ ಅಧಿಕ ಜ್ಯೇಷ್ಠ ತೂರಿಕೊಂಡಿರುವುದರಿಂದ ಜುಲೈ 14ಕ್ಕೆ ಸರಿದಿದೆ. ಎರಡು ಎತ್ತು, ಅವುಗಳ ಮುಂದೊಂದು ಗ್ವಾದಲಿ, ಅಂದರೆ ಮೇವು ತಿನ್ನುವ ತೊಟ್ಟಿ, ಇಷ್ಟು ದೇವರ ಜಗಲಿಯ ಮೇಲೆ ಕೂರಬೇಕು. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಂತ ಮನೆಗಳಲ್ಲೂ ಈ ಜೋಡಿ ತಪ್ಪುವುದಿಲ್ಲ. ಎತ್ತು ಬಿಟ್ಟು ಮಣ್ಣಿನ ಟ್ರ್ಯಾಕ್ಟರ್ ಮಾಡಲು ಹೊರಡುವ ಹುಡುಗರನ್ನು ತಡೆಯುವುದೂ ಬೇಡ. ನಾಲ್ಕು ಕಾಲು ನಿಲ್ಲಿಸುವುದಕ್ಕಿಂತ ನಾಲ್ಕು ಗಾಲಿ ಉರುಟು ಮಾಡುವುದು ಎಷ್ಟೋ ಸುಲಭ.

ಮೊದಲು ಮಣ್ಣು. ಕುಂಬಾರರ ಮನೆಯಿಂದ ಹದಮಾಡಿದ ಮುದ್ದೆಯನ್ನೇ ತರುವುದು ಜಾಣತನ. ಹೊಲದ ಎರೆಮಣ್ಣಿನಿಂದಲೇ ಆಗಬೇಕೆಂದರೆ ಅದರ ಗುಣ ತಿಳಿದಿರಬೇಕು. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಎರೆಯ ಜಾತಿಗುಣ. ಬೇಸಗೆಯಲ್ಲಿ ಹೊಲ ಅಂಗೈಯಗಲ ಬಾಯಿ ಬಿಡುವುದೂ ಇದರಿಂದಲೇ. ಹೊಲಕ್ಕಾಗುವುದು ಎತ್ತಿನ ಹೊಟ್ಟೆಗೂ ಆಗುತ್ತದೆ. ಅದಕ್ಕೇ ಮೂರು ಪಾಲು ಎರೆಗೆ ಒಂದು ಪಾಲು ಸಣ್ಣ ಮರಳನ್ನೋ ಹುತ್ತದ ಮಣ್ಣನ್ನೋ ಬೆರೆಸಬೇಕು. ಇಬ್ಬರು ಮಕ್ಕಳಿಗೆ ಒಟ್ಟು ಎರಡೂವರೆ ಕಿಲೋ ಸಾಕು. ಗೇಣಿಗಿಂತ ತುಸು ಚಿಕ್ಕ ಎತ್ತೊಂದಕ್ಕೆ ಹಿಡಿಯುವುದು ಮುನ್ನೂರು ನಾನೂರು ಗ್ರಾಂ ಹಸಿಮಣ್ಣು. ಉಳಿದದ್ದು ಅಂಗಿಗೆ, ಗೋಡೆಗೆ, ಬೆಕ್ಕಿಗೆ.

ಹೆಂಟೆಗಳನ್ನು ನೆನೆಹಾಕುವ ಮೊದಲು ಅವು ಪೂರ್ತಿ ಒಣಗಿರಬೇಕು. ಕೇಳಲು ವಿಚಿತ್ರ, ಆದರೆ ನಿಜ. ತೇವವಿರುವ ಹೆಂಟೆಯನ್ನು ನೀರಿಗೆ ಹಾಕಿದರೆ ರಾತ್ರಿ ಕಳೆದರೂ ಹೆಂಟೆಯಾಗಿಯೇ ಕೂತಿರುತ್ತದೆ. ಬಿಸಿಲಿಗೆ ಒಣಗಿದ ಹೆಂಟೆ ನೀರು ಮುಟ್ಟಿದ ಕೂಡಲೇ ಗುಳುಗುಳು ಸದ್ದು ಮಾಡುತ್ತ, ಒಳಗಿನ ಗಾಳಿಯನ್ನು ಹೊರಹಾಕುತ್ತ, ಸ್ವಲ್ಪ ಹೊತ್ತಿಗೆಲ್ಲ ಪದರು ಪದರಾಗಿ ಕುಸಿಯುತ್ತದೆ. ಮಳೆ ಹಿಡಿದ ಮೇಲೆ ಒಣ ಹೆಂಟೆ ಸಿಗುವುದಿಲ್ಲವಾದ್ದರಿಂದ ಮೇ ತಿಂಗಳಲ್ಲೇ ಒಂದು ಚೀಲ ತಂದು ಮೂಲೆಗಿಟ್ಟವರು ಬುದ್ಧಿವಂತರು. ರಾತ್ರಿಯಿಡೀ ನೆನೆದ ಮಣ್ಣನ್ನು ಕೈಯಿಂದ ಕಲಸಿ, ಹಳೆಯ ರವೆ ಜರಡಿಯಲ್ಲಿ ಸೋಸಿ, ಹರಳು ಬೇರು ತೆಗೆಯಬೇಕು. ತಿಳಿನೀರು ಬಸಿದು, ಕೆಸರನ್ನು ಹಳೇ ಧೋತರದ ಮೇಲೆ ಹರವಿ ಅರ್ಧ ದಿನ ಬಿಟ್ಟರೆ ರೊಟ್ಟಿ ಹಿಟ್ಟಿನ ಹದಕ್ಕೆ ಬರುತ್ತದೆ. ಮರಳು ಸೇರಿಸುವುದು ಆಗ. ಜತೆಗೆ ಒಂದು ಹಿಡಿ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಉದುರಿಸಿ ನಾದಬೇಕು. ಹತ್ತಿಯ ಎಳೆ ಬಿರುಕಿಗೆ ಅಡ್ಡ ನಿಲ್ಲುತ್ತದೆ. ಗಂಟು ಗಂಟಾಗಿ ಹಾಕಿದಿರೋ, ಆ ಗಂಟಿರುವ ಜಾಗದಲ್ಲೇ ಎತ್ತು ಮುರಿಯುತ್ತದೆ. ನಾದುವ ಕೆಲಸ ಮಕ್ಕಳ ಕಾಲಿಗೆ ಬಿಡಬಹುದು. ಹತ್ತು ನಿಮಿಷ ತುಳಿದರೆ ಮಣ್ಣೂ ಮೆತ್ತಗಾಗುತ್ತದೆ, ತುಳಿದವರೂ.

ಹದ ಬಂದಿದೆಯೇ ಎಂದು ನೋಡಲು ಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೇ ಸುತ್ತಬೇಕು. ಮೇಲೆ ಸೀಳಿದರೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚಾಗಿದೆ. ಈ ಪರೀಕ್ಷೆಯನ್ನು ಮಕ್ಕಳ ಮುಂದೆ ಮಾಡಿದರೆ ಮುಂದಿನ ಅರ್ಧ ಗಂಟೆ ಕಳೆದಂತೆಯೇ ಲೆಕ್ಕ. ಹೊಸೆದದ್ದೆಲ್ಲ ಹಾವಾಗುತ್ತದೆ. ದೊಡ್ಡ ಹಾವು, ಮರಿ ಹಾವು, ಕಪ್ಪೆ ನುಂಗಿದ ಹಾವು. ನಾಗರ ಪಂಚಮಿಗೆ ಇನ್ನೂ ತಿಂಗಳು ಮಿಕ್ಕಿದೆ ಎಂದರೆ ಯಾರೂ ಕೇಳುವುದಿಲ್ಲ.

ಮೂರು ನಾಲ್ಕು ವರ್ಷದವರಿಗೆ ಒಂದೇ ಮುದ್ದೆಯಿಂದ ಎಲ್ಲವನ್ನೂ ಹಿಂಡಿ ತೆಗೆಯುವ ದಾರಿ ಒಳ್ಳೆಯದು. ಬದನೆಕಾಯಿಯಂಥ ಮುದ್ದೆ ಮಾಡಿ, ಕೆಳಗಿನಿಂದ ನಾಲ್ಕು ಕಡೆ ಚಿವುಟಿ ಎಳೆದರೆ ಕಾಲು, ತುದಿಯಲ್ಲಿ ಹಿಂಡಿ ಬಗ್ಗಿಸಿದರೆ ಕತ್ತು, ಮೂತಿ. ಜೋಡಣೆ ಇಲ್ಲದ್ದರಿಂದ ಏನೂ ಕಳಚುವುದಿಲ್ಲ. ಐದಾರು ದಾಟಿದವರು ಬಿಡಿಬಿಡಿಯಾಗಿ ಮಾಡಿ ಅಂಟಿಸಲು ಬಯಸುತ್ತಾರೆ. ಅವರಿಗೆ ಹೇಳಿಕೊಡಬೇಕಾದದ್ದು ಒಂದೇ: ಅಂಟುವ ಎರಡೂ ಮುಖಗಳನ್ನು ಕಡ್ಡಿಯಿಂದ ಗೀರಿ, ಮಜ್ಜಿಗೆಯಷ್ಟು ತೆಳುವಾದ ಕೆಸರು ಸವರಿ, ಒತ್ತಿ, ಸಂದನ್ನು ಬೆರಳಿನಿಂದ ಒರೆಸಿ ಮುಚ್ಚಬೇಕು. ಬರೀ ನೀರು ಹಚ್ಚಿ ಒತ್ತಿದ ಕಾಲು ಆ ಹೊತ್ತಿಗೆ ನಿಂತು, ಒಣಗಿದಾಗ ಉದುರುತ್ತದೆ.

ಕಾಲಿಗೆ ಬಲ ಬರಲೆಂದು ಒಳಗೆ ಕಸಬರಿಗೆ ಕಡ್ಡಿ ತೂರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಎಲ್ಲರೂ ಮಾಡುವ ತಪ್ಪು ಕೂಡ. ಮಣ್ಣು ಒಣಗುತ್ತ ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಕಾಲು ಉದ್ದಕ್ಕೂ ಸೀಳುತ್ತದೆ. ಬದಲಿಗೆ ಕಾಲನ್ನು ಮಗುವಿನ ಹೆಬ್ಬೆರಳಿಗಿಂತ ದಪ್ಪ, ಅದಕ್ಕಿಂತ ಗಿಡ್ಡ ಮಾಡಿ, ಹೊಟ್ಟೆಯ ಕೆಳಗೆ ಬೆಂಕಿಪೊಟ್ಟಣವನ್ನೋ ಸುತ್ತಿದ ಕಾಗದವನ್ನೋ ಆನಿಕೆಗೆ ಇಡಬೇಕು. ಮಣ್ಣು ಬಿಗಿಯಾದ ಮೇಲೆ ಮೆಲ್ಲನೆ ಎಳೆದುಕೊಳ್ಳಬಹುದು. ಮೋಟುಗಾಲಿನ ಎತ್ತು ನೋಡಲು ಚೆಂದವಿಲ್ಲ ಎನ್ನುವವರು ಕೃಷ್ಣಾ ಕಣಿವೆಯ ತಳಿಯನ್ನು ನೆನೆಯಲಿ: ಭಾರಿ ಮೈ, ದಪ್ಪ ಗಿಡ್ಡ ಕಾಲು, ಚಿಕ್ಕ ಕೊಂಬು. ಮಕ್ಕಳ ಕೈಗೆ ಹೇಳಿ ಮಾಡಿಸಿದ ಎತ್ತು. ಖಿಲಾರಿಯ ಬಿಲ್ಲಿನಂಥ ನೀಳ ಕೊಂಬಿಗೆ ಕೈಹಾಕಿದವರೇ ಪೇಚಿಗೆ ಬೀಳುವುದು. ಸಣಕಲು ಕೊಂಬು ಬೇಗ ಒಣಗಿ ಕುಗ್ಗುತ್ತದೆ, ದಪ್ಪ ತಲೆ ಇನ್ನೂ ಹಸಿಯಾಗಿಯೇ ಇರುತ್ತದೆ, ಬುಡದಲ್ಲಿ ಸುತ್ತಲೂ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆಯ ಚೂರನ್ನು ಕೊಂಬಿಗೆ ಸುತ್ತಿಟ್ಟರೆ ಎರಡೂ ಒಟ್ಟಿಗೆ ಒಣಗುತ್ತವೆ.

ಇಷ್ಟಾದರೂ ಮಣೆಯ ಮೇಲೆ ನಿಂತದ್ದು ಎತ್ತೋ ಹಂದಿಯೋ ಎಂಬ ಅನುಮಾನ ಉಳಿದರೆ ಹಿಣಿಲು ಮರೆತಿದ್ದೀರಿ. ಹೆಗಲ ಮೇಲೆ ಅಡಕೆಯಷ್ಟು ಮಣ್ಣು ಗುಡ್ಡೆಯಾಗಿ ಕೂತ ಗಳಿಗೆಯಲ್ಲಿ ಯಾವ ಪ್ರಾಣಿಯೂ ಎತ್ತಾಗುತ್ತದೆ. ಗಂಟಲ ಕೆಳಗೆ ಗಂಗೆದೊಗಲು ಇಳಿಬಿಟ್ಟರಂತೂ ಸಂತೆಯಲ್ಲಿ ಹಲ್ಲು ಎಣಿಸಲು ಜನ ಬರುವಂತಿರುತ್ತದೆ. ಕಣ್ಣು, ಕಿವಿ, ಬಾಲ ಇವೆಲ್ಲ ಆಮೇಲಿನ ಮಾತು.

ಕಣ್ಣಿನ ವಿಷಯದಲ್ಲಿ ಒಂದು ಗಟ್ಟಿ ಮಾತು. ಮಣ್ಣೆತ್ತಿಗೆ ಗುಲಗಂಜಿ ಕಣ್ಣು ಇಡುವುದು ಹಳೆಯ ರೂಢಿ, ಕೆಂಪಿನ ಮೇಲೆ ಕಪ್ಪು ಬೊಟ್ಟು ಮಿರಿಮಿರಿ ಮಿಂಚುತ್ತದೆ. ಆದರೆ ಗುಲಗಂಜಿ ವಿಷ. ಜಗಿದು ನುಂಗಿದರೆ ಒಂದೆರಡು ಬೀಜವೇ ಮಗುವಿನ ಜೀವಕ್ಕೆ ಕುತ್ತು ತರಬಲ್ಲದು. ಚಿಕ್ಕವರಿರುವ ಮನೆಗೆ ಅದು ಬೇಡವೇ ಬೇಡ. ಉದ್ದಿನ ಕಾಳು ಸಾಕು, ಮೈಮೇಲಿನ ಚಿತ್ತಾರಕ್ಕೆ ಬಿಳಿಯ ಕುಸುಬಿ. ಮೂರು ವರ್ಷದೊಳಗಿನವರ ಕೈಗೆ ಕಾಳಿನ ಬಟ್ಟಲನ್ನೇ ಕೊಡಬಾರದು, ಅದು ಎತ್ತಿನ ಕಣ್ಣಿಗಿಂತ ಮೊದಲು ತಮ್ಮ ಮೂಗಿಗೆ ಹೋಗುತ್ತದೆ. ಕಾಳನ್ನು ಮಣ್ಣು ಹಸಿಯಿರುವಾಗಲೇ ಮುಕ್ಕಾಲು ಭಾಗ ಹೂತುಹೋಗುವಂತೆ ಒತ್ತಬೇಕು. ಮೇಲುಮೇಲೆ ಕೂರಿಸಿದ್ದು ಮಣ್ಣು ಒಣಗಿದಾಗ ಉದುರುತ್ತದೆ. ಮೋಡ ಮುಸುಕಿದ ವಾರವಾದರೆ ಮೂರನೆಯ ದಿನಕ್ಕೆ ಕಾಳು ಮೊಳೆಯುವುದೂ ಉಂಟು. ಕಣ್ಣಲ್ಲಿ ಮೊಳಕೆಯೊಡೆದ ಎತ್ತನ್ನು ಕಂಡ ಮಗುವಿಗೆ ಬೇರೆ ಆಟಿಕೆ ಬೇಡ.

ಬಣ್ಣಕ್ಕೆ ಅರಿಸಿನ, ಕುಂಕುಮ, ಕೆಮ್ಮಣ್ಣು ಇವೆ. ಬಿಳುಪಿಗೆ ಸುಣ್ಣದ ಬದಲು ಅಕ್ಕಿಹಿಟ್ಟು ಕಲಸಿದರೆ ಒಳ್ಳೆಯದು, ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ. ಹಳೇ ಸೀರೆಯ ಅಂಚಿನಲ್ಲಿ ಬೆಂಕಿಪೊಟ್ಟಣದಗಲ ಕತ್ತರಿಸಿದರೆ ಬೆನ್ನಿಗೆ ಹೊದಿಸುವ ಜೂಲ, ಉಲ್ಲನ್ ದಾರದ ತುಂಡು ಹಣೆಗೊಂಡೆ. ಮೂಗುದಾರದ ತೂತನ್ನು ಮಾತ್ರ ಹಸಿಯಲ್ಲೇ ಚುಚ್ಚಿಡಬೇಕು. ಒಣಗಿದ ಮೇಲೆ ಚುಚ್ಚಲು ಹೋದರೆ ಮೂತಿಯೇ ಕೈಗೆ ಬರುತ್ತದೆ.

ಗ್ವಾದಲಿಯನ್ನು ಅತಿ ಚಿಕ್ಕ ಮಗುವಿಗೆ ವಹಿಸಿ. ಮುದ್ದೆಯ ನಡುವೆ ಹೆಬ್ಬೆರಳು ಒತ್ತಿ ಅಗಲಿಸಿದರೆ ಮುಗಿಯಿತು. ಪೂಜೆಯ ಹೊತ್ತಿಗೆ ಅದರಲ್ಲಿ ನಾಲ್ಕು ಕಾಳು ಜೋಳ, ಹೋಳಿಗೆಯ ಚೂರು.

ಒಣಗಿಸುವ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೆರಳಲ್ಲಿ, ಪತ್ರಿಕೆಯ ಮೇಲೆ ಇಟ್ಟರೆ ಆಯಿತು. ಬರೀ ಕಲ್ಲಿನ ಮೇಲಿಟ್ಟರೆ ಪಾದ ಅಂಟಿಕೊಂಡು, ಮೈ ಕುಗ್ಗುವಾಗ ಕಾಲು ಹರಿಯುತ್ತದೆ. ಬೇಗ ಒಣಗಲೆಂದು ಒಲೆಯ ಪಕ್ಕ ಇಡುವವರಿಗೆ ಸಂಜೆಯೊಳಗೆ ಎರಡು ಹೋಳಿನ ಎತ್ತು ಸಿಗುತ್ತದೆ. ನಿಜ ಹೇಳಬೇಕೆಂದರೆ ಹಿಂದಿನ ಸಂಜೆಯೋ ಅದೇ ಬೆಳಿಗ್ಗೆಯೋ ಮಾಡಿದ ಎತ್ತು ಪೂಜೆಯ ಹೊತ್ತಿಗೆ ಹಸಿಯಾಗಿಯೇ ಇರುತ್ತದೆ. ಎರೆಮಣ್ಣಿನ ಬಿರುಕು ಹೊರಬೀಳುವುದು ಎರಡು ಮೂರು ದಿನದ ಮೇಲೆ. ಒಂದೇ ದಿನದ ಹಬ್ಬವಾದ್ದರಿಂದ ಮಣ್ಣಿನ ಕಳ್ಳತನ ಬಯಲಾಗುವ ಮೊದಲೇ ಎತ್ತು ಮಂಗಳಾರತಿ ಮಾಡಿಸಿಕೊಂಡುಬಿಡುತ್ತದೆ.

ಎರೆಯ ಸೀಮೆ ಬಿಟ್ಟು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮನೆಗಳಿಗೆ ಒಂದು ಎಚ್ಚರ. ನರ್ಸರಿಯ ಕುಂಡದ ಮಣ್ಣು ಅಂಟುವುದಿಲ್ಲ, ಅದರಲ್ಲಿ ಗೊಬ್ಬರ ತೆಂಗಿನ ನಾರೇ ಹೆಚ್ಚು. ಶಾಲೆಯ ಬಣ್ಣದ ಕ್ಲೇಯಲ್ಲಿ ಎಣ್ಣೆ ಇರುತ್ತದೆ. ಒಣಗುವುದೂ ಇಲ್ಲ, ನೀರಲ್ಲಿ ಕರಗುವುದೂ ಇಲ್ಲ. ಮಡಕೆ ಮಾಡುವವರು ಕೊಳ್ಳುವ ಟೆರಾಕೋಟಾ ಮಣ್ಣಿನ ಚೀಲ ಎಲ್ಲ ಕಡೆ ಸಿಗುತ್ತದೆ, ಅದು ಸರಿಯಾದ ಮಣ್ಣು. ಪೇಟೆಯಲ್ಲಿ ಮಿಂಚುವ ಪ್ಲಾಸ್ಟರ್ ಎತ್ತಿನ ನಾಲ್ಕೂ ಕಾಲು ನೆಟ್ಟಗಿರುತ್ತವೆ. ಅದರ ದೋಷವೂ ಅದೇ.

ಏಕೆಂದರೆ ಮರುದಿನ ಬೇಕಾಗುವುದು ಕುಂಟೆತ್ತು. ಹುಡುಗರು ಗುಂಪು ಕಟ್ಟಿಕೊಂಡು, ಎಂಟೆತ್ತಿನಲ್ಲಿ ಒಂದು ಕುಂಟೆತ್ತು ಬಂದಿದೆ, ಅದಕ್ಕೆ ಜೋಳ ನೀಡಿ ಎಂದು ರಾಗವಾಗಿ ಕೂಗುತ್ತ ಮನೆಮನೆಯ ಬಾಗಿಲಿಗೆ ಹೋಗುತ್ತಾರೆ. ನೆಟ್ಟಗೆ ನಿಂತ ಎತ್ತುಗಳೆಲ್ಲ ಜಗಲಿಯಲ್ಲೇ ಉಳಿದರೆ, ಮೂಗು ಊರಿ ಬಿದ್ದದ್ದು ಮಣೆಯೇರಿ ಊರು ಸುತ್ತುತ್ತದೆ. ಜೋಳ, ದುಡ್ಡು, ಬೆಲ್ಲ, ಕೊಟ್ಟಷ್ಟು. ಕೂಡಿದ್ದರಲ್ಲಿ ಮಕ್ಕಳ ಊಟವೂ ಆಗುತ್ತದೆ. ವಿದರ್ಭದಲ್ಲಿ ಪೋಳಾ ಹಬ್ಬದ ಮರುದಿನ ಮಕ್ಕಳು ಮರದ ಎತ್ತುಗಳನ್ನು ಹೊರತರುತ್ತಾರೆ, ಅವುಗಳಿಗೆ ಗಾಲಿಯೂ ಉಂಟು. ಕಾಲು ಸೊಟ್ಟಗಾಗುವ ಚಿಂತೆಯೇ ಇಲ್ಲ, ಕುಂಟೆತ್ತಿನ ಹೆಸರಲ್ಲಿ ಜೋಳ ಕೇಳುವ ಸಲಿಗೆಯೂ ಇಲ್ಲ.

ಆಮೇಲೆ ಬಾವಿಗೋ ಹಳ್ಳಕ್ಕೋ, ಇಲ್ಲವೆಂದರೆ ಬಕೆಟ್ಟಿಗೋ ಬಿಡುವುದು. ಬಕೆಟ್ಟಿನವರು ಒಂದೆರಡು ದಿನ ತಡೆದು, ಎತ್ತು ಪೂರ್ತಿ ಒಣಗಿದ ಮೇಲೆ ಬಿಡಬೇಕು. ಹಸಿ ಎತ್ತು ಮಾರನೆಯ ಬೆಳಿಗ್ಗೆಯೂ ತಳದಲ್ಲಿ ಹಾಗೇ ನಿಂತು ಮೇಲೆ ನೋಡುತ್ತಿರುತ್ತದೆ. ಒಣಗಿದ್ದು ಹೆಂಟೆಯಂತೆಯೇ ಗುಳುಗುಳು ಎನ್ನುತ್ತ ಮಕ್ಕಳ ಕಣ್ಣೆದುರಿಗೇ ಕೊಂಬು ಮೊದಲಾಗಿ ಕಳಚಿಕೊಳ್ಳುತ್ತದೆ. ಅಳುವವರೂ ಇರುತ್ತಾರೆ, ಇನ್ನೊಂದನ್ನು ಹಾಕಿ ಎನ್ನುವವರೇ ಹೆಚ್ಚು. ಕಡೆಗೆ ಅರಳೆಯ ಎಳೆಗಳು ತೇಲುತ್ತವೆ, ಉದ್ದಿನ ಕಾಳು ತಳಕ್ಕೆ ಕೂರುತ್ತದೆ. ಆ ಕೆಸರು ಅವರೆಬಳ್ಳಿಯ ಬುಡಕ್ಕೆ.

ಮಿಕ್ಕ ಹಸಿಮಣ್ಣನ್ನು ಚೆಲ್ಲಬಾರದು. ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವನಿಗೂ ಒದಗುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಚೀಲ ಬಿಚ್ಚಿದರೆ ಹಳಸಿದ ವಾಸನೆ ಬರುತ್ತದೆ, ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಆದರೆ ಮಣ್ಣು ಹಿಂದೆಂದೂ ಇಲ್ಲದಷ್ಟು ಮೆತ್ತಗೆ ಕೈಗೆ ಒಗ್ಗುತ್ತದೆ. ಅಷ್ಟರಲ್ಲಿ ಶ್ರಾವಣದ ಪಂಚಮಿ. ಈಗ ಬತ್ತಿ ಹೊಸೆದು ಹೆಡೆ ಎತ್ತಿಸಬಹುದು, ಕಪ್ಪೆ ನುಂಗಿದ ಹಾವಾದರೂ ಅಡ್ಡಿಯಿಲ್ಲ.