ಒಂದ್ ಸಲ ಎಳ್ದ್ ಕಾಂತೆ

ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ಭಾವ ಜೋರಾಗಿ ಹೇಳುತ್ತಿದ್ದರು, "ಆ ಎಂಜಿನ್ ಸ್ಟಾರ್ಟ್ ಮಾಡಿದ್ದ್ ನಾನೇ." ನಾನು ಎದುರು ಸಾಲಿನಲ್ಲೇ ಇದ್ದೆ. ಬಾಯಲ್ಲಿ ಹೋಳಿಗೆ ಇತ್ತು, ಹಾಗಾಗಿ ಬಚಾವಾದರು.

ಗಂಗೊಳ್ಳಿಯಲ್ಲಿ ಚಿಕ್ಕಪ್ಪ ನಾಡದೋಣಿಗೆ ಕಟ್ಟುತ್ತಿದ್ದ ಔಟ್‌ಬೋರ್ಡ್ ಎಂಜಿನ್ ಅದು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಹಳೇ ಜಾತಿ. ಅವರು ಹೋದ ಮೇಲೆ ಕೊಟ್ಟಿಗೆ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿತ್ತು. ಉಪ್ಪುನೀರು ಕುಡಿದು ಅಲ್ಯೂಮಿನಿಯಂ ಬಾಡಿಯೂ ಸ್ಟೀಲ್ ಬೋಲ್ಟೂ ಒಂದಕ್ಕೊಂದು ಕಚ್ಚಿಕೊಂಡು, ಸ್ಪ್ಯಾನರ್ ಹಾಕಿದರೆ ಬೋಲ್ಟಿನ ತಲೆ ಮಾತ್ರ ಕೈಗೆ ಬರುತ್ತಿತ್ತು. ಎಂಜಿನ್ ತಣಿಸಲು ನೀರು ಎಳೆಯುವ ಪಂಪಿನ ಇಂಪೆಲ್ಲರ್, ಅಂದರೆ ರಬ್ಬರ್ ರೆಕ್ಕೆಚಕ್ರ, ಮುಟ್ಟಿದರೆ ಪುಡಿ. ಕಾರ್ಬೊರೇಟರ್ ತುಂಬ ಅಂಟು. ಇದೆಲ್ಲ ಪರವಾಗಿಲ್ಲ, ಬಿಡಿ. ತಾಳ್ಮೆ ಇದ್ದರೆ ರಿಪೇರಿ ಆಗುತ್ತದೆ, ಆಯಿತು ಕೂಡ.

ತಾಳ್ಮೆಗೆಟ್ಟದ್ದು ಅಂಗಳದಲ್ಲಿ ನೀಲಿ ಡ್ರಮ್ಮಿಗೆ ನೀರು ತುಂಬಿ ಎಂಜಿನ್ ಇಳಿಬಿಟ್ಟ ಮೇಲೆ. ಸ್ಟಾರ್ಟ್ ಮಾಡುವ ಹಗ್ಗ ಕಂಡರೆ ನಮ್ಮ ಗಂಡಸರ ಕೈ ಸುಮ್ನೆ ಇರುವುದಿಲ್ಲ, ಅಲ್ವಾ? ಹಾಲಿನವನು ಎಳೆದ. ಇನ್ಶೂರೆನ್ಸ್ ಏಜೆಂಟ್ ಪಾಲಿಸಿ ಮರೆತು ಎಳೆದ. ಎಲ್ಲರದ್ದೂ ಒಂದೇ ಮಾತು, ಎಳೆದು ನೋಡುತ್ತೇನೆ ಅಂತ ನಮ್ಮ ಕುಂದಾಪುರ ಕನ್ನಡದಲ್ಲಿ, "ಒಂದ್ ಸಲ ಎಳ್ದ್ ಕಾಂತೆ."

ಭಾವನದ್ದು ಮಾತ್ರ ಪೂರ್ತಿ ಯಕ್ಷಗಾನ. ಮೊದಲು ಲುಂಗಿ ಎತ್ತಿ ಕಟ್ಟುತ್ತಾರೆ. ಅಂಗೈಗೆ ಉಗುಳಿ ಉಜ್ಜುತ್ತಾರೆ. ಆಮೇಲೆ ಚೋಕ್ ಎಳೆಯುತ್ತಾರೆ. "ಚೋಕ್ ಬೇಡ ಭಾವ, ಪ್ಲಗ್ ಒದ್ದೆಯಾಗುತ್ತದೆ" ಅಂದರೆ, "ನೀವ್ ಸುಮ್ನಿರಿ" ಅಂತ ಇನ್ನಷ್ಟು ಎಳೆಯುತ್ತಾರೆ. ಸ್ಟಾರ್ಟರಿನ ಸ್ಪ್ರಿಂಗ್ ಮೊದಲೇ ತುಂಡಾಗಿದ್ದರಿಂದ ಗಂಟು ಹಾಕಿದ ಹಗ್ಗವನ್ನು ಫ್ಲೈವೀಲಿಗೆ ಸುತ್ತಿ ಎಳೆಯಬೇಕಿತ್ತು. ಎಳೆದಾಗ ಹಗ್ಗ ಪೂರ್ತಿ ಬಿಚ್ಚಿ ಕೈಗೆ ಬರುತ್ತದೆ. ಇದನ್ನೂ ಹೇಳಿದ್ದೆ. ಭಾವ ಮೈಯ ಶಕ್ತಿಯೆಲ್ಲ ಹಾಕಿ ಎಳೆದರು, ಹಗ್ಗ ಬಿಚ್ಚಿ ಬಂತು, ಅದರ ಜೊತೆ ಭಾವನೂ ಹಿಂದೆ ಹಿಂದೆ ಹೋಗಿ ಚಾಪೆಯಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆ ಕುಳಿತುಬಿಟ್ಟರು. ಹಸಿ ಹಪ್ಪಳ. ಎದ್ದು ನಿಂತಾಗ ಎರಡು ಲುಂಗಿಗೆ ಅಂಟಿ ಅವರ ಜೊತೆಗೇ ಎದ್ದವು. ನಾಚಿಕೆಯಾಯಿತಾ? ಹಗ್ಗ ಸುತ್ತುತ್ತಾ, "ಈಗ ಹದ ಸಿಕ್ತ್, ಇನ್ನೊಂದ್ ಸಲ ಎಳ್ದ್ ಕಾಂತೆ."

ಓಲೆ ಎವಿನ್‌ರೂಡ್ ಎಂಬ ಪುಣ್ಯಾತ್ಮ ಅಮೆರಿಕದಲ್ಲಿ 1909ರಲ್ಲಿ ಇಂಥ ಮೋಟಾರನ್ನು ಮಾರುಕಟ್ಟೆಗೆ ಬಿಟ್ಟ. ಹುಡುಗಿಗೆ ಐಸ್‌ಕ್ರೀಮ್ ತರಲು ಹೋಗಿ, ಹುಟ್ಟು ಹಾಕಿ ವಾಪಸ್ ಬರುವಷ್ಟರಲ್ಲಿ ಅದು ಕರಗಿಹೋಯಿತು, ಆ ಬೇಜಾರಿಗೇ ಮೋಟಾರಿನ ಯೋಚನೆ ಬಂತು ಅಂತ ಕತೆ. ಅವನಿಗೆ ಭಾವಂದಿರು ಇರಲಿಲ್ಲ ಅಂತ ಕಾಣುತ್ತದೆ.

ಮರುದಿನ ಬೆಳಿಗ್ಗೆ ಯಾರೂ ಇಲ್ಲದಾಗ ಪ್ಲಗ್ ಬಿಚ್ಚಿ ಒರೆಸಿ, ಚೋಕ್ ಮುಟ್ಟದೆ ಎಳೆದೆ. ಹೊಗೆ ಉಗುಳಿ ಸ್ಟಾರ್ಟ್ ಆಯಿತು. ಹಿಂದಿನ ತೂತಿನಿಂದ ನೀರೂ ಸಣ್ಣಗೆ ಚಿಮ್ಮಿತು, ಅಂದರೆ ಪಂಪೂ ಸರಿಯಾಗಿದೆ. ಪಂಚಗಂಗಾವಳಿಯ ಅಳಿವೆ ದಾಟಿ ದೋಣಿ ಒಳಗೆ ಬರುವಾಗ ಇದೇ ಶಬ್ದ ಕೇಳಿ ಚಿಕ್ಕಮ್ಮ ಅನ್ನಕ್ಕೆ ಎಸರಿಡುತ್ತಿದ್ದರು, ಅಷ್ಟು ದೋಣಿಗಳ ನಡುವೆ ನಮ್ಮದು ಯಾವುದೆಂದು ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ. ಓಡಿಹೋಗಿ ಕರೆದೆ. ಈಗ ಕಿವಿ ಮಂದ. ಟಿವಿಯಿಂದ ಕಣ್ಣು ತೆಗೆಯದೆ, "ಮಿಕ್ಸಿ ಆಫ್ ಮಾಡ್" ಅಂದರು.

ಭಾವನಿಗೆ ಫೋನ್ ಮಾಡಿದರೆ, "ಮತ್ತೆ? ನಿನ್ನೆ ನಾನ್ ಎಳ್ದ್ ಎಳ್ದ್ ಸಡ್ಲ ಮಾಡಿ ಇಟ್ಟಿದ್ನಲೆ!"

ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದೆ. ಎಲ್ಲೋ ಸೀಲ್ ಹೋಗಿ ನೀರು ನುಗ್ಗುತ್ತಿದೆ, ಆ ಕೆಲಸ ಬಾಕಿ. ಅದಕ್ಕಿಂತ ಮೊದಲು ಹೆಂಡತಿ ಡ್ರಮ್ ವಾಪಸ್ ಕೇಳುತ್ತಿದ್ದಾಳೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಆಯಿಲ್ ವಾಸನೆ ಹೋಗುತ್ತಿಲ್ಲ, ಹೊಸದೇ ತರಬೇಕು.